ಕ್ಯೋಟೋದಲ್ಲಿ ಕೊನೆಯ ದಿನ, ಆಮೇಲೆ ಮನೆಯ ದಾರಿ

ವಿದೇಶ ಪ್ರವಾಸಕ್ಕೆ ಪ್ಲಾನ್ ಮಾಡಲು ಕೂತಾಗ ನಾನು ಮೊದಲು ಬರೆಯುವುದು ಕೊನೆಯ ದಿನವನ್ನು. ವಿಮಾನ ಎಷ್ಟು ಗಂಟೆಗೆ? ಹಾಗಾದರೆ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಇರಬೇಕು? ರೂಮ್ ಖಾಲಿ ಮಾಡಿದ ಮೇಲೆ ನಡುವೆ ಎಷ್ಟು ಹೊತ್ತು ಕೈಯಲ್ಲಿರುತ್ತದೆ? ಇಷ್ಟು ಗೊತ್ತಾದ ಮೇಲೆ ಉಳಿದ ದಿನಗಳ ಮಾತು.

ಜಾಸ್ತಿ ಜನ ಉಲ್ಟಾ ಮಾಡುತ್ತಾರೆ. ನೋಡದೆ ಉಳಿದದ್ದನ್ನೆಲ್ಲ ಕೊನೆಯ ದಿನಕ್ಕೆ ತಳ್ಳುತ್ತಾರೆ. ಎರಡು ದೇವಸ್ಥಾನ, ಒಂದು ಮ್ಯೂಸಿಯಂ, ಶಾಪಿಂಗ್, ಜೊತೆಗೆ ಸೂಟ್‌ಕೇಸ್. ಸಂಜೆ ವಿಮಾನ ಹತ್ತುವಾಗ ಮೈ ಕೈ ನೋವು, ಮನೆಯವರ ಮೇಲೆ ಸಿಡಿಮಿಡಿ. ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ಕೊನೆಯ ದಿನ ಹೊಸ ಜಾಗ ಬೇಡ. ಆಗಲೇ ನೋಡಿ ಇಷ್ಟಪಟ್ಟ ಒಂದೇ ಒಂದು ಜಾಗಕ್ಕೆ ಮತ್ತೊಮ್ಮೆ ಹೋಗಿ ಬರುವುದು, ಅಷ್ಟೇ. ದಾರಿ ಗೊತ್ತಿರುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಗೊತ್ತಿರುತ್ತದೆ, ಮಿಸ್ ಆಯಿತು ಅನ್ನುವ ಚಿಂತೆಯೂ ಇರುವುದಿಲ್ಲ.

ಈ ಸಲ ಹೋಗಿದ್ದು ಜಪಾನಿಗೆ. ಅಮ್ಮ, ಹೆಂಡತಿ, ಮಗಳು, ನಾನು. ಟೋಕಿಯೋದಲ್ಲಿ ಇಳಿದು, ಕ್ಯೋಟೋದಲ್ಲಿ ಮುಗಿಸಿ, ಒಸಾಕಾ ಹತ್ತಿರದ ಕನ್ಸಾಯ್ ವಿಮಾನ ನಿಲ್ದಾಣದಿಂದ ವಾಪಸ್. ಇಳಿಯುವುದು ಒಂದು ಊರಲ್ಲಿ, ಹತ್ತುವುದು ಇನ್ನೊಂದು ಊರಲ್ಲಿ ಅಂತ ಒಂದೇ ಟಿಕೆಟ್ ಮಾಡಿಸಬಹುದು. ವಿಮಾನ ಕಂಪನಿಗಳ ಸೈಟಿನಲ್ಲಿ 'ಮಲ್ಟಿ ಸಿಟಿ' ಅಂತ ಇರುತ್ತದೆ. ಹಾಗೆ ಮಾಡದಿದ್ದರೆ ಕೊನೆಯ ದಿನದಲ್ಲಿ ಎರಡು ಗಂಟೆಗೂ ಮೇಲೆ ಟೋಕಿಯೋಗೆ ಹಿಂದಿರುಗುವ ಬುಲೆಟ್ ರೈಲಿಗೇ ಹೋಗುತ್ತಿತ್ತು. ಒಂದು ಮಾತು ನೆನಪಿಡಿ: ಒಸಾಕಾಗೆ ಇತಾಮಿ ಅಂತ ಇನ್ನೊಂದು ವಿಮಾನ ನಿಲ್ದಾಣವೂ ಇದೆ. ಅದು ದೇಶದೊಳಗಿನ ವಿಮಾನಗಳಿಗೆ.

ಪ್ಯಾಕಿಂಗ್ ಹಿಂದಿನ ರಾತ್ರಿಯೇ ಮುಗಿಯಬೇಕು. ಇದರಲ್ಲಿ ನನ್ನ ಹೆಂಡತಿಯದ್ದೇ ಮುಂದಾಳತ್ವ. ಕ್ಯೋಟೋದ ನಿಶಿಕಿ ಮಾರ್ಕೆಟ್ಟಿನ ಅರಿತ್ಸುಗು ಅಂಗಡಿಯಲ್ಲಿ ಅವಳು ತರಕಾರಿ ಹೆಚ್ಚುವ ಚಾಕು ಕೊಂಡಿದ್ದಳು. 1560ರಿಂದ ನಡೆದು ಬಂದ ಅಂಗಡಿ ಅದು. ಚಾಕುವಿನ ಮೇಲೆ ಹೆಸರು ಕೆತ್ತಿ ಕೊಡುತ್ತಾರೆ. ಅದು ಚೆಕ್-ಇನ್ ಸೂಟ್‌ಕೇಸಿನ ತಳಕ್ಕೆ, ಡಬ್ಬಿ ಸಮೇತ. ಪಿಂಗಾಣಿ ಬಟ್ಟಲುಗಳು ಸ್ವೆಟರ್ ಒಳಗೆ, ಬಟ್ಟಲ ಹೊಟ್ಟೆಗೆ ಕಾಲುಚೀಲ ತುರುಕಿ. ಮಿಸೋ (ಹುದುಗಿಸಿದ ಸೋಯಾ ಪೇಸ್ಟ್), ಜಾಮ್, ಉಪ್ಪಿನಕಾಯಿ ರಸ ಇವೆಲ್ಲ ಸೆಕ್ಯುರಿಟಿಯವರ ಲೆಕ್ಕದಲ್ಲಿ ದ್ರವ ಪದಾರ್ಥಗಳೇ. ನೂರು ಮಿಲಿಲೀಟರ್‌ಗಿಂತ ದೊಡ್ಡ ಡಬ್ಬಿಯಾದರೆ ಕೈಚೀಲದಲ್ಲಿ ಬಿಡುವುದಿಲ್ಲ. ಮಾಚಾ ಅನ್ನುವ ಹಸಿರು ಟೀ ಪುಡಿಗೆ ಆ ತಕರಾರಿಲ್ಲ.

ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತದ್ವಿರುದ್ಧ. ಅದು ಚೆಕ್-ಇನ್‌ನಲ್ಲಿ ಹೋಗುವ ಹಾಗಿಲ್ಲ, ಕೈಚೀಲದಲ್ಲೇ ಇರಬೇಕು. ಬ್ಯಾಟರಿಯ ಶಕ್ತಿಯನ್ನು ವಾಟ್-ಅವರ್‌ನಲ್ಲಿ ಅಳೆಯುತ್ತಾರೆ, 100 ವಾಟ್-ಅವರ್ ವರೆಗೆ ಸಾಮಾನ್ಯವಾಗಿ ಒಪ್ಪಿಗೆ ಕೇಳಬೇಕಿಲ್ಲ. ನಮ್ಮದು 20,000 ಎಂಎಎಚ್, ಅಂದರೆ ಸುಮಾರು 74 ವಾಟ್-ಅವರ್. ಜಪಾನಿನ ವಿಮಾನ ಕಂಪನಿಗಳು 2025ರ ಜುಲೈಯಿಂದ ಅದನ್ನು ತಲೆ ಮೇಲಿನ ಖಾನೆಯಲ್ಲೂ ಇಡಬೇಡಿ, ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳಿ ಅನ್ನುತ್ತವೆ. ಬಿಸಿಯಾಗಿ ಹೊಗೆ ಬಂದರೆ ತಕ್ಷಣ ಗೊತ್ತಾಗಲಿ ಅಂತ.

ಬೆಳಗ್ಗೆ ಹೊತ್ತಿಗೆ ಸರಿಯಾಗಿ ರೂಮ್ ಬಿಟ್ಟು ಸೂಟ್‌ಕೇಸುಗಳನ್ನು ಹೋಟೆಲಿನ ಕೌಂಟರ್‌ನಲ್ಲೇ ಬಿಟ್ಟೆವು. ಚೀಟಿ ಕಟ್ಟಿ, ಅದರ ಅರ್ಧ ನಮಗೆ ಹರಿದು ಕೊಟ್ಟರು. ಕ್ಯೋಟೋ ಸ್ಟೇಷನ್ನಿನಲ್ಲಿ ಲಾಕರ್‌ಗಳಿವೆ. ಆದರೆ ದೊಡ್ಡ ಸೂಟ್‌ಕೇಸ್ ಹಿಡಿಸುವವು ಬೆಳಗ್ಗೆಯೇ ತುಂಬಿಬಿಡುತ್ತವೆ. ಸಾಮಾನು ಎಳೆದುಕೊಂಡು ಸಿಟಿ ಬಸ್ ಹತ್ತುವುದಂತೂ ಬೇಡವೇ ಬೇಡ. ಬಸ್ಸುಗಳು ಮೊದಲೇ ತುಂಬಿರುತ್ತವೆ, ದಿನಾ ಓಡಾಡುವ ಜನಕ್ಕೆ ತೊಂದರೆ.

"ಇವತ್ತು ಇನ್ನೊಂದು ದೇವಸ್ಥಾನ ಬೇಡ ಕಣೋ, ಆ ಹೊಳೆ ಹತ್ರ ಹೋಗೋಣ," ಅಂದರು ಅಮ್ಮ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು. ಕ್ಯೋಟೋದ ಉತ್ತರಕ್ಕೆ, ದೆಮಾಚಿಯಾನಗಿ ಸ್ಟೇಷನ್ ಹತ್ತಿರ, ಕಾಮೋ ಮತ್ತು ತಕಾನೋ ಎರಡು ಹೊಳೆ ಕೂಡುತ್ತವೆ. ಸಂಗಮದಲ್ಲಿ ನೀರಿಗೆ ಅಡ್ಡಲಾಗಿ ದೊಡ್ಡ ದೊಡ್ಡ ಕಲ್ಲು ಇಟ್ಟಿದ್ದಾರೆ. ಕೆಲವು ಆಮೆಯ ಆಕಾರದಲ್ಲಿವೆ. ಒಂದೊಂದೇ ಕಲ್ಲು ಹಾರಿ ಆಚೆ ದಡಕ್ಕೆ ಹೋಗಬಹುದು. ಮಗಳು ದಾಟಿದಳು, ತಿರುಗಿ ಬಂದಳು, ಮತ್ತೆ ದಾಟಿದಳು. ಎದುರಿನಿಂದ ಸ್ಕೂಲ್ ಬ್ಯಾಗ್ ಹಾಕಿಕೊಂಡ ಹುಡುಗ ಬಂದ. ಇಬ್ಬರೂ ಒಂದೇ ಆಮೆಯ ಮೇಲೆ ನಿಂತು, ನೀನು ಮೊದಲು ನೀನು ಮೊದಲು ಅಂತ ಕೈ ತೋರಿಸಿಕೊಂಡರು. ಅವನು ತಲೆ ಬಗ್ಗಿಸಿದ. ಇವಳೂ ತಲೆ ಬಗ್ಗಿಸಿದಳು. ಅಮ್ಮ ಚಪ್ಪಲಿ ಕಳಚಿ ನೀರಿಗೆ ಕಾಲು ಬಿಟ್ಟು ಕೂತಿದ್ದರು. ಅಷ್ಟೂ ದಿನದ ನಡಿಗೆಯಲ್ಲಿ ಅವರ ಪಾದ ಸ್ವಲ್ಪ ಊದಿಕೊಂಡಿತ್ತು.

ಅಲ್ಲಿಗೆ ತಿಂಡಿ ತೆಗೆದುಕೊಂಡು ಹೋಗುವವರು ಆಕಾಶದ ಮೇಲೆ ಒಂದು ಕಣ್ಣಿಟ್ಟಿರಿ. ಹದ್ದುಗಳು ಸುತ್ತುತ್ತಿರುತ್ತವೆ, ಹಿಂದಿನಿಂದ ಬಂದು ಕೈಯಲ್ಲಿರುವುದನ್ನು ಕಸಿದುಕೊಂಡು ಹೋಗುತ್ತವೆ. ಅದಕ್ಕೇ ನಾವು ಮರದ ಕೆಳಗೆ ಕೂತು ತಿಂದೆವು. ತಿಂದದ್ದು ಮಾಮೆ-ಮೋಚಿ. ಹತ್ತಿರದಲ್ಲೇ ಇರುವ ಫುತಾಬಾ ಅಂಗಡಿಯದ್ದು. 1899ರಿಂದ ಇದೆ, ಯಾವಾಗ ಹೋದರೂ ಕ್ಯೂ. ಮೆತ್ತನೆಯ ಅಕ್ಕಿ ಹಿಟ್ಟಿನ ಉಂಡೆ, ಒಳಗೆ ಸಿಹಿ ಹೂರಣ, ಹೊರಗಿನ ಹಿಟ್ಟಿನಲ್ಲಿ ಉಪ್ಪುಪ್ಪಾದ ಇಡೀ ಕಾಳು. ಸಸ್ಯಾಹಾರಿಗಳಿಗೂ ಆಗುತ್ತದೆ. ಆವತ್ತಿಂದು ಆವತ್ತೇ ತಿನ್ನಬೇಕು, ಮರುದಿನಕ್ಕೆ ಗಟ್ಟಿಯಾಗುತ್ತದೆ. ಊರಿಗೆ ತರುವ ಆಸೆ ಬಿಡಬೇಕು.

ಸಂಜೆ ನಾಲ್ಕರ ಸುಮಾರಿಗೆ ಹೋಟೆಲಿಗೆ ಬಂದು ಸಾಮಾನು ತೆಗೆದುಕೊಂಡೆವು. ಐದರ ಮೇಲೆ ಸಬ್‌ವೇಯಲ್ಲಿ ಆಫೀಸ್ ಜನ ಶುರು. ಅದಕ್ಕೆ ಮುಂಚೆ ಹೊರಟರೆ ಎಲ್ಲರಿಗೂ ನೆಮ್ಮದಿ.

ಇನ್ನು ಚಿಲ್ಲರೆ ವಿಷಯ. ಜಪಾನಿನಲ್ಲಿ 500 ಯೆನ್ ಕೂಡ ನಾಣ್ಯವೇ. ದಿನ ಕಳೆದಂತೆ ಪರ್ಸ್ ಭಾರವಾಗುತ್ತದೆ. ದುಡ್ಡು ಬದಲಾಯಿಸುವವರು ನೋಟು ತೆಗೆದುಕೊಳ್ಳುತ್ತಾರೆ, ನಾಣ್ಯ ತೆಗೆದುಕೊಳ್ಳುವುದಿಲ್ಲ. ನಾವು ಕೊನೆಯ ಎರಡು ಮೂರು ದಿನ ಎಲ್ಲ ಕಡೆ ನಾಣ್ಯದಲ್ಲೇ ಕೊಟ್ಟೆವು. ಉಳಿದ ಹತ್ತು, ನೂರರ ನಾಣ್ಯಗಳನ್ನು ಸ್ಟೇಷನ್ನಿನ ಮಷಿನ್‌ನಲ್ಲಿ ಇಕೋಕಾ ಕಾರ್ಡಿಗೆ ತುಂಬಿದೆವು. ಇಕೋಕಾ ಅಂದರೆ ಆ ಭಾಗದ ರೈಲು, ಬಸ್ ಕಾರ್ಡ್. ಅಂಗಡಿಯಲ್ಲೂ ನಡೆಯುತ್ತದೆ. ವಾಪಸ್ ಕೊಟ್ಟರೆ 500 ಯೆನ್ ಡಿಪಾಸಿಟ್ ಸಿಗುತ್ತದೆ. ಆದರೆ ಕಾರ್ಡಿನಲ್ಲಿ ದುಡ್ಡು ಉಳಿದಿದ್ದರೆ ಅದರಿಂದ 220 ಯೆನ್ ಶುಲ್ಕ ಹಿಡಿಯುತ್ತಾರೆ. ಬ್ಯಾಲೆನ್ಸ್ ಸೊನ್ನೆಯಾಗಿದ್ದರೆ ಹಿಡಿಯಲು ಏನೂ ಇಲ್ಲ, ಐನೂರೂ ಪೂರ್ತಿ ಬರುತ್ತದೆ. ಹಾಗಾಗಿ ಅಂಗಡಿಯಲ್ಲಿ ನೀರು, ಬಿಸ್ಕತ್ತು ತೆಗೆದುಕೊಂಡು ಕಾರ್ಡ್ ಬರಿದು ಮಾಡಿದೆವು. ಸಾಲದೆ ಬಂದದ್ದನ್ನು ಚಿಲ್ಲರೆಯಲ್ಲಿ ಕೊಟ್ಟೆವು. ಮಗಳು ತನ್ನ ಕಾರ್ಡನ್ನು ಕೊಡಲಿಲ್ಲ. ಕೊನೆಯ ಸಲ ಬಳಸಿದ ದಿನದಿಂದ ಹತ್ತು ವರ್ಷ ಅದು ಚಾಲ್ತಿಯಲ್ಲಿರುತ್ತದೆ, ಇರಲಿ ಬಿಡಿ ಅಂತ ನಾನೂ ಸುಮ್ಮನಾದೆ.

ಕ್ಯೋಟೋದಿಂದ ಕನ್ಸಾಯ್ ನಿಲ್ದಾಣಕ್ಕೆ ಹರುಕಾ ಅನ್ನುವ ನೇರ ರೈಲಿದೆ. ಹೆಚ್ಚು ಕಡಿಮೆ ಒಂದೂಕಾಲು ಗಂಟೆ. ಕ್ಯೋಟೋದಲ್ಲಿ ಅದು ಬರುವುದು 30ನೇ ಪ್ಲಾಟ್‌ಫಾರ್ಮಿಗೆ. ಸ್ಟೇಷನ್ ದೊಡ್ಡದು, ಮುಖ್ಯ ಗೇಟಿನಿಂದ ಅಲ್ಲಿಗೆ ನಡೆಯುವುದೇ ಒಂದು ಕೆಲಸ. ವಯಸ್ಸಾದವರಿದ್ದರೆ ಕಾಲು ಗಂಟೆ ಮುಂಚೆ ಹೋಗಿ. ರಿಸರ್ವ್ ಸೀಟ್ ಮಾಡಿಸಿಕೊಂಡರೆ ನಿಂತು ಹೋಗುವ ಭಯ ಇಲ್ಲ.

ಕನ್ಸಾಯ್ ನಿಲ್ದಾಣ ಇರುವುದು ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲೆ. 1994ರಲ್ಲಿ ಶುರುವಾಯಿತು. ದಡಕ್ಕೂ ದ್ವೀಪಕ್ಕೂ ನಡುವೆ ಮೂರೂವರೆ ಕಿಲೋಮೀಟರಿಗೂ ಉದ್ದದ ಸೇತುವೆ, ಮೇಲೆ ಕಾರು, ಕೆಳಗೆ ರೈಲು. 2018ರ ಸೆಪ್ಟೆಂಬರಿನಲ್ಲಿ ಜೆಬಿ ಚಂಡಮಾರುತ ಬಂದಾಗ ಒಂದು ಟ್ಯಾಂಕರ್ ಹಡಗು ತೇಲಿ ಬಂದು ಇದೇ ಸೇತುವೆಗೆ ಬಡಿದಿತ್ತು. ರನ್‌ವೇ ಮೇಲೆ ನೀರು, ಸಾವಿರಾರು ಜನ ದ್ವೀಪದಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಅಷ್ಟು ದೊಡ್ಡದು ಬೇಡ, ಜೋರು ಗಾಳಿ ಬೀಸಿದರೂ ಸೇತುವೆ ಮೇಲೆ ರೈಲು ನಿಲ್ಲಿಸುತ್ತಾರೆ. ಇರುವುದು ಒಂದೇ ಸೇತುವೆ. ಅದಕ್ಕೇ ನಾನು ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು ಅನ್ನುವ ಲೆಕ್ಕಕ್ಕೆ ಇನ್ನೊಂದು ಗಂಟೆ ಸೇರಿಸಿದ್ದೆ. ಆ ಗಂಟೆ ಖರ್ಚಾಗದೆ ಉಳಿಯಿತು. ಅಮ್ಮ ಕಾಲು ಚಾಚಿ ಒಂದು ನಿದ್ದೆ ತೆಗೆದರು.

ತೆರಿಗೆ ಇಲ್ಲದೆ ಸಾಮಾನು ಕೊಂಡವರು ಗಮನಿಸಬೇಕಾದ್ದು ಒಂದಿದೆ. ಜಪಾನಿನಲ್ಲಿ ಮಾಮೂಲಿ ತೆರಿಗೆ ಶೇಕಡಾ 10. ನಾವು ಹೋದಾಗ ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿದರೆ ಅದನ್ನು ಬಿಟ್ಟು ಬಿಲ್ ಮಾಡುತ್ತಿದ್ದರು. ತಿಂಡಿ, ಕ್ರೀಮ್‌ನಂಥದ್ದನ್ನು ಸೀಲ್ ಮಾಡಿದ ಚೀಲದಲ್ಲಿ ಕೊಡುತ್ತಿದ್ದರು, ದೇಶ ಬಿಡುವವರೆಗೆ ಬಿಚ್ಚುವ ಹಾಗಿರಲಿಲ್ಲ. 2026ರ ನವೆಂಬರ್ 1ರಿಂದ ಪದ್ಧತಿ ಬೇರೆ. ಅಂಗಡಿಯಲ್ಲಿ ತೆರಿಗೆ ಸೇರಿಸಿ ಪೂರ್ತಿ ಕೊಡಬೇಕು, ಹೊರಡುವಾಗ ಕಸ್ಟಮ್ಸ್ ಖಾತ್ರಿ ಮಾಡಿಕೊಂಡ ಮೇಲೆ ತೆರಿಗೆ ಹಿಂದಕ್ಕೆ ಬರುತ್ತದೆ. ಅಂದರೆ ಕೊನೆಯ ದಿನದ ಲೆಕ್ಕಕ್ಕೆ ಇನ್ನೊಂದು ಕ್ಯೂ ಸೇರಿತು.

ವಿಮಾನದ ಊಟದ ಬಗ್ಗೆ ಒಂದು ಮಾತು, ಇದರಲ್ಲಿ ನಮ್ಮ ಕಡೆಯ ಹಿರಿಯರು ತುಂಬಾ ಕಷ್ಟಪಡುವುದನ್ನು ನೋಡಿದ್ದೇನೆ. 'ಹಿಂದೂ ಮೀಲ್' ಅಂದರೆ ಸಸ್ಯಾಹಾರ ಅಲ್ಲ. ಅದರಲ್ಲಿ ದನದ ಮಾಂಸ ಇರುವುದಿಲ್ಲ ಅಷ್ಟೇ, ಕೋಳಿ, ಮೀನು, ಕುರಿ ಬರಬಹುದು. ಸಸ್ಯಾಹಾರಿಗಳು ಕೇಳಬೇಕಾದ್ದು 'ಏಷ್ಯನ್ ವೆಜಿಟೇರಿಯನ್' ಊಟ, ಅದರ ಗುರುತು ಎವಿಎಂಎಲ್. ಕಡೇಪಕ್ಷ 24 ಗಂಟೆ ಮುಂಚೆ ಹೇಳಿರಬೇಕು. ಹೋಗುವಾಗ ಹೇಳಿದ್ದು ಬರುವಾಗಲೂ ಇದೆಯಾ ಅಂತ ಬುಕಿಂಗ್ ತೆರೆದು ನೋಡಿ. ನಡುವೆ ವಿಮಾನ ಬದಲಾಗುವುದಾದರೆ ಎರಡೂ ವಿಮಾನಕ್ಕೆ ನೋಡಿ.

ಜಪಾನಿನಿಂದ ಪಶ್ಚಿಮಕ್ಕೆ ಬರುವಾಗ ಹೋಗುವಾಗಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಯಾಕೆ ಅಂತ ಮಗಳು ಕೇಳಿದಳು. ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದುರಿಗೆ. ಆ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನವರೇ ಆದ ವಸಾಬುರೋ ಓಯಿಶಿ. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು ಅಳೆದರು. ಎಲ್ಲ ದೇಶದವರೂ ಓದಲಿ ಅಂತ, ಎಲ್ಲರಿಗೂ ಆಗಲೆಂದೇ ಕಟ್ಟಿದ ಎಸ್ಪೆರಾಂಟೋ ಭಾಷೆಯಲ್ಲಿ ವರದಿ ಬರೆದರು. ಆ ಭಾಷೆ ಓದುವವರು ಕಡಿಮೆ, ವರದಿ ಮೂಲೆಯಲ್ಲೇ ಉಳಿಯಿತು. ನನಗೆ ಈ ಕಥೆ ನೆನೆದಾಗಲೆಲ್ಲ ಸಂಕಟವಾಗುತ್ತದೆ. ಮಗಳು ಮಾತ್ರ ಪರದೆಯ ಮೇಲೆ ಗಾಳಿಯ ವೇಗ ತೋರಿಸುವ ಪುಟ ಹಾಕಿಕೊಂಡು ಅದನ್ನೇ ನೋಡುತ್ತಾ ನಿದ್ದೆ ಹೋದಳು.

ನಡುವೆ ಸಿಂಗಾಪುರದಲ್ಲಿ ವಿಮಾನ ಬದಲಿಸಿದೆವು. ಒಂದೇ ಟಿಕೆಟ್ ಆದ್ದರಿಂದ ಸೂಟ್‌ಕೇಸ್ ನೇರ ಊರಿಗೇ. ಕನ್ಸಾಯ್‌ನಲ್ಲಿ ಟ್ಯಾಗ್ ಕಟ್ಟುವಾಗ ಅದರ ಮೇಲಿನ ಕೊನೆಯ ನಿಲ್ದಾಣದ ಮೂರಕ್ಷರದ ಗುರುತು ನಮ್ಮ ಊರಿಂದೇನಾ ಅಂತ ನೋಡಿ, ಚೀಟಿಯ ಫೋಟೋ ತೆಗೆದುಕೊಂಡಿದ್ದೆ. ಬೇರೆ ಬೇರೆ ಟಿಕೆಟ್ ಮಾಡಿಸಿದವರು ನಡುವೆ ಇಳಿದು ಸಾಮಾನು ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು, ಅದಕ್ಕೆ ವೀಸಾ ಕೂಡ ಬೇಕಾಗಬಹುದು. ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ಬುಕ್ ಮಾಡುವ ಮುಂಚೆ ಇದನ್ನು ಯೋಚಿಸಿ.

ಆ ಫೋಟೋ ಉಪಯೋಗಕ್ಕೆ ಬಂತು. ಊರಲ್ಲಿ ಇಳಿದಾಗ ಒಂದು ಸೂಟ್‌ಕೇಸಿನ ಚಕ್ರವೇ ಇರಲಿಲ್ಲ. ಇಂಥದ್ದು ಆದರೆ ಮನೆಗೆ ಹೋಗಿ ನೋಡೋಣ ಅನ್ನಬೇಡಿ. ಬೆಲ್ಟಿನ ಹತ್ತಿರವೇ ವಿಮಾನ ಕಂಪನಿಯ ಕೌಂಟರ್ ಇರುತ್ತದೆ, ಅಲ್ಲೇ ಬರೆಸಿ ಪ್ರತಿ ತೆಗೆದುಕೊಳ್ಳಿ. ವಿದೇಶಿ ವಿಮಾನ ಪ್ರಯಾಣಕ್ಕೆ ದೇಶದೇಶಗಳು ಮಾಡಿಕೊಂಡ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾಳಾದ ಸಾಮಾನಿನ ದೂರನ್ನು ಏಳು ದಿನದೊಳಗೆ ಬರವಣಿಗೆಯಲ್ಲಿ ಕೊಡಬೇಕು. ತಡವಾಗಿ ಬಂದ ಸಾಮಾನಿಗಾದರೆ ಕೈಗೆ ಸಿಕ್ಕ ದಿನದಿಂದ 21 ದಿನ. ಚಕ್ರದ ಜಾಗದ ಫೋಟೋ, ಟ್ಯಾಗ್, ಬೋರ್ಡಿಂಗ್ ಪಾಸ್ ಮೂರನ್ನೂ ಸೇರಿಸಿ ಕಳಿಸಿದೆ. ರಿಪೇರಿ ಖರ್ಚು ಕೊಟ್ಟರು. ಒಳಗಿದ್ದ ಬಟ್ಟಲುಗಳು ಒಂದೂ ಒಡೆದಿರಲಿಲ್ಲ.

ಇನ್ನು ನಿದ್ದೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಆರಕ್ಕೆ ಏಳುತ್ತಿದ್ದವರಿಗೆ ಇಲ್ಲಿ ರಾತ್ರಿ ಎರಡೂವರೆಗೇ ಎಚ್ಚರ. ಪಶ್ಚಿಮಕ್ಕೆ ಬಂದಾಗ ಹೊಂದಿಕೊಳ್ಳುವುದು ಪೂರ್ವಕ್ಕೆ ಹೋದಾಗಿಗಿಂತ ಸಲೀಸು, ಯಾಕೆಂದರೆ ಬಹಳ ಜನರ ಒಳಗಡಿಯಾರ 24 ಗಂಟೆಗಿಂತ ಚೂರು ಉದ್ದ. ತಡವಾಗಿ ಮಲಗು ಅಂದರೆ ದೇಹ ಒಪ್ಪುತ್ತದೆ, ಬೇಗ ಮಲಗು ಅಂದರೆ ಒಪ್ಪುವುದಿಲ್ಲ. ಸಂಜೆಯ ಬೆಳಕು ನಿದ್ದೆಯನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಬಂದ ದಿನದಿಂದಲೇ ಸಂಜೆ ಐದಕ್ಕೆ ಎಲ್ಲರೂ ವಾಕಿಂಗ್ ಹೊರಟೆವು. ಅಮ್ಮ, "ಕಣ್ಣು ಎಳೀತಿದೆ ಕಣೋ" ಅನ್ನುತ್ತಲೇ ಬರುತ್ತಿದ್ದರು. ಒಂಬತ್ತೂವರೆಗೆ ಮುಂಚೆ ಯಾರೂ ಹಾಸಿಗೆಗೆ ಹೋಗುವ ಹಾಗಿರಲಿಲ್ಲ. ನಾನು ರಜೆಯನ್ನು ಒಂದು ದಿನ ಜಾಸ್ತಿ ಹಾಕಿಕೊಂಡಿದ್ದರಿಂದ ಬಟ್ಟೆ ಒಗೆದು, ಪುಟಾಣಿ ಗಿಫ್ಟುಗಳನ್ನು ಹಂಚಿ, ಆಮೇಲೆ ಆಫೀಸಿಗೆ ಹೋದೆ. ವಾರದೊಳಗೆ ನಾಲ್ಕೂ ಜನ ಮಾಮೂಲಿ ಹೊತ್ತಿಗೆ ಏಳುತ್ತಿದ್ದೆವು.