ಜರ್ರಾ ಕಾಡಿನಲ್ಲಿ ರೋಗದ ಗಡಿ ಕಾಯ್ದದ್ದು

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದ ಪೂರ್ವಕ್ಕಿರುವ ಡಾರ್ಲಿಂಗ್ ಬೆಟ್ಟಸಾಲಿನಲ್ಲಿ, ನೀಲಗಿರಿ ಜಾತಿಗೆ ಸೇರಿದ ಜರ್ರಾ ಮರಗಳ ಕಾಡನ್ನು ಮೊದಲ ಸಲ ಹೊಕ್ಕಾಗ ಕಾಲಡಿಯ ಕೆಂಪು ಜಂಬುಮಣ್ಣು ನಮ್ಮ ಮಲೆನಾಡನ್ನೇ ನೆನಪಿಸಿತು. ಅಡಿಕೆಯ ಕೊಳೆರೋಗಕ್ಕೂ ಇಲ್ಲಿನ ಮರಗಳನ್ನು ಒಣಗಿಸುವ ಡೈಬ್ಯಾಕ್ ರೋಗಕ್ಕೂ ಫೈಟಾಫ್ಥೋರಾ ಕುಲದ ಜೀವಿಗಳೇ ಕಾರಣವೆಂದು ತಿಳಿದ ಮೇಲೆ, ನಮ್ಮ ಬಡಾವಣೆಯ ಅಂಚಿನ ಕಾಡನ್ನು ನೋಡಿಕೊಳ್ಳುವ ಸ್ವಯಂಸೇವಕರ ಗುಂಪಿಗೆ ಸೇರಿದೆ.

ಆದರೆ ತೋಟದ ಲೆಕ್ಕಾಚಾರ ಇಲ್ಲಿ ನಡೆಯಲಿಲ್ಲ. ಕೊಳೆರೋಗ ಗೊನೆಗೆ ತಗಲುವಂಥದ್ದು. ಬೋರ್ಡೋ ದ್ರಾವಣ ಹೊಡೆದು ಗೊನೆ ಉಳಿಸಿಕೊಳ್ಳಬಹುದು. ಡೈಬ್ಯಾಕ್ ತರುವ ಫೈಟಾಫ್ಥೋರಾ ಸಿನ್ನಮೋಮಿಯಾದರೋ ಮಣ್ಣಿನಲ್ಲಿದ್ದುಕೊಂಡು ಬೇರನ್ನು ಕೊಳೆಸುತ್ತದೆ, ಒದ್ದೆ ಮಣ್ಣಿನಲ್ಲಿ ಅದರ ಬೀಜಕಗಳು ಈಜಿ ಹೊಸ ಬೇರನ್ನು ಸೇರುತ್ತವೆ, ಮತ್ತು ಒಮ್ಮೆ ನೆಲೆಯೂರಿದರೆ ಅದನ್ನು ಇಡೀ ಕಾಡಿನಿಂದ ತೆಗೆಯುವ ಉಪಾಯ ಇಂದಿಗೂ ಇಲ್ಲ. ಜರ್ರಾ ಮರಗಳ ಸಾವನ್ನು 1921ರಲ್ಲೇ ಗಮನಿಸಿದ್ದರೂ ಕಾರಣ ಪತ್ತೆಯಾದದ್ದು 1960ರ ದಶಕದ ಮಧ್ಯದಲ್ಲಿ; ಅಷ್ಟರಲ್ಲಿ ರಸ್ತೆಗೆ ಹಾಕುವ ಗ್ರಾವೆಲ್ ಜೊತೆಗೆ ರೋಗ ಬಹುದೂರ ಹೋಗಿತ್ತು. ನಮ್ಮಲ್ಲೂ ಕಾಲುದಾರಿಗೆ ಗುತ್ತಿಗೆದಾರರು ಗ್ರಾವೆಲ್ ತಂದು ಸುರಿದ ಅಂಚಿನಿಂದಲೇ ಬ್ಯಾಂಕ್ಸಿಯಾ ಗಿಡಗಳು ಸಾಯತೊಡಗಿದ್ದವು.

ಆದ್ದರಿಂದ ನಮ್ಮ ಮೊದಲ ಕೆಲಸ ರೋಗ ಎಲ್ಲಿಯವರೆಗೆ ಬಂದಿದೆಯೆಂಬ ಗಡಿಯನ್ನು ಗುರುತಿಸುವುದಾಯಿತು. ಬ್ಯಾಂಕ್ಸಿಯಾ, ಗ್ರಾಸ್ ಟ್ರೀಗಳು ಸತ್ತು, ಈ ರೋಗವನ್ನು ತಡೆದುಕೊಳ್ಳುವ ಪಕ್ಕದ ಮರ್ರಿ ಮರ ಮಾತ್ರ ಹಸಿರಾಗಿ ನಿಂತಿದ್ದರೆ ಅನುಮಾನ ಬಲವಾಗುತ್ತದೆ; ಆದರೂ ಬರದಿಂದ ಒಣಗಿದ ಗಿಡವೂ ಹಾಗೆಯೇ ಕಾಣುವುದರಿಂದ, ಬುಡದ ಮಣ್ಣು ಮತ್ತು ಬೇರಿನ ತುಂಡುಗಳನ್ನು ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಂಡೆವು.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಅರ್ಧ ಒಣಗಿದ ಮರಗಳ ಮೇಲಿನ ಕನಿಕರದಿಂದ ಅವಕ್ಕೇ ಫಾಸ್ಫೈಟ್ ಚುಚ್ಚಿದೆ, ಹೆಚ್ಚಿನವು ಉಳಿಯಲಿಲ್ಲ. ಫಾಸ್ಫೈಟ್ ಮಣ್ಣಿನಲ್ಲಿರುವ ರೋಗಾಣುವನ್ನು ಕೊಲ್ಲುವ ಮದ್ದಲ್ಲ, ಮರದ ಸ್ವಂತ ರೋಗನಿರೋಧ ಶಕ್ತಿಯನ್ನು ಎಚ್ಚರಿಸುವಂಥದ್ದು. ಆರೋಗ್ಯವಾಗಿರುವ, ಗಡಿಯ ಮುಂದೆ ನಿಂತಿರುವ ಮರಕ್ಕೆ ಕೊಟ್ಟಾಗಲೇ ಅದರ ನಿಜವಾದ ಪ್ರಯೋಜನ. ಮರುವರ್ಷದಿಂದ ಹಾಗೆಯೇ ಮಾಡಿದೆವು. ಕಾಂಡದ ಸುತ್ತ ಸುಮಾರು 20 ಸೆಂಟಿಮೀಟರಿಗೆ ಒಂದರಂತೆ ಕೆಳಮುಖವಾಗಿ ಓರೆ ರಂಧ್ರ ಕೊರೆದು, ಪ್ರತಿಯೊಂದಕ್ಕೂ 20 ಮಿಲಿಲೀಟರಿನ ಒಂದು ಸಿರಿಂಜ್ ಕೂರಿಸುತ್ತೇವೆ. ಎಲೆಗಳು ಚುರುಕಾಗಿ ನೀರೆಳೆಯುವ ಬೆಳಗಿನ ಹೊತ್ತಿನಲ್ಲಿ ಮದ್ದು ಬೇಗ ಏರುತ್ತದೆ. ಚುಚ್ಚಲಾಗದ ಸಣ್ಣ ಗಿಡಗಳ ಎಲೆಗೆ ತೆಳು ದ್ರಾವಣ ಸಿಂಪಡಿಸುತ್ತೇವೆ. ಕೆಲವು ವರ್ಷಗಳ ನಂತರ ಇದನ್ನೆಲ್ಲ ಮತ್ತೆ ಮಾಡಬೇಕು.

ಇಷ್ಟಾದರೂ ನನ್ನ ಅನುಭವದಲ್ಲಿ ಮದ್ದಿಗಿಂತ ಮುಖ್ಯವಾದದ್ದು ಮಣ್ಣು ಅತ್ತಿತ್ತ ಹೋಗದಂತೆ ತಡೆಯುವುದು. ಬೇರಿನಿಂದ ಬೇರಿಗೆ ಹಬ್ಬುತ್ತ ರೋಗ ಏರಿನ ಕಡೆಗೆ ವರ್ಷಕ್ಕೆ ಸುಮಾರು 1 ಮೀಟರ್ ಸಾಗಿದರೆ, ಬೂಟಿಗೋ ಟೈರಿಗೋ ಮೆತ್ತಿದ ಹಸಿಮಣ್ಣು ಅದನ್ನು ಒಂದೇ ದಿನದಲ್ಲಿ ಬೆಟ್ಟದಾಚೆ ಒಯ್ಯಬಲ್ಲದು. ಅದಕ್ಕಾಗಿ ನಾವು ಯಾವಾಗಲೂ ರೋಗವಿಲ್ಲದ ಭಾಗದಲ್ಲಿ ಕೆಲಸ ಮುಗಿಸಿ ಆಮೇಲೆ ರೋಗವಿರುವ ಕಡೆಗೆ ಹೋಗುತ್ತೇವೆ, ಹಿಂದುಮುಂದಾಗಿ ಅಲ್ಲ. ಕಾಡಿನ ಬಾಗಿಲಲ್ಲಿ ಬ್ರಷ್ಷಿನಿಂದ ಮಣ್ಣು ಉದುರಿಸಿ, ಅಟ್ಟೆಗೆ ಸ್ಪಿರಿಟ್ ಸಿಂಪಡಿಸಿಯೇ ಒಳಗೆ ಕಾಲಿಡುತ್ತೇವೆ. ಇಲ್ಲಿ ಮಳೆಗಾಲವೆಂದರೆ ಚಳಿಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮೇಲ್ಭಾಗದ ದಾರಿಯನ್ನು ಮುಚ್ಚಿಬಿಡುತ್ತೇವೆ. ನಡೆಯಲು ಬರುವವರಿಗೆ ಮೊದಮೊದಲು ಇದರಿಂದ ಬೇಸರವಾಯಿತು. ಅವರನ್ನು ಸತ್ತ ಬ್ಯಾಂಕ್ಸಿಯಾಗಳ ನಡುವೆ ಕರೆದೊಯ್ದು ತೋರಿಸಿದ ಮೇಲೆ, ಅವರಲ್ಲಿ ಇಬ್ಬರು ಈಗ ಶನಿವಾರದ ಬೆಳಗ್ಗೆ ನಮ್ಮೊಡನೆ ಸಿರಿಂಜ್ ಹಿಡಿಯುತ್ತಾರೆ.