ಪೆನ್‌ಡ್ರೈವ್ ಚುಚ್ಚುವ ಮುನ್ನ, ಕೀಳುವ ಮುನ್ನ

ಪೆನ್‌ಡ್ರೈವಿನ ಲೋಹದ ಬಾಯೊಳಗೆ ಒಮ್ಮೆ ಇಣುಕಿ ನೋಡಿ. ಹಳೆಯ ಚಪ್ಪಟೆ ಮಾದರಿಯದಾದರೆ ಹೊಂಬಣ್ಣದ ನಾಲ್ಕು ಪಟ್ಟಿಗಳು ಸಾಲಾಗಿ ಕಾಣುತ್ತವೆ. ಇನ್ನೂ ಹತ್ತಿರ ಹಿಡಿದರೆ, ಅಂಚಿನ ಎರಡು ಪಟ್ಟಿಗಳು ನಡುವಿನ ಎರಡಕ್ಕಿಂತ ತುಸು ಮುಂದಕ್ಕೆ ಚಾಚಿಕೊಂಡಿರುವುದು ಗೊತ್ತಾಗುತ್ತದೆ. ತಯಾರಿಸಿದವರ ಕೈತಪ್ಪಲ್ಲ ಅದು. ಅಂಚಿನವು ವಿದ್ಯುತ್ತಿಗೆ, ನಡುವಿನವು ಮಾಹಿತಿಗೆ. ಚುಚ್ಚುವಾಗ ಮೊದಲು 5 ವೋಲ್ಟ್ ವಿದ್ಯುತ್ ತಲುಪಬೇಕು, ಮಾತುಕತೆ ಆಮೇಲೆ. ಕೀಳುವಾಗ ಮೊದಲು ಮಾತು ನಿಲ್ಲಬೇಕು, ಆಮೇಲೆ ವಿದ್ಯುತ್. ಒಂದಿಷ್ಟು ಉದ್ದ ಹೆಚ್ಚುಕಡಿಮೆ ಮಾಡಿ ಈ ಕ್ರಮವನ್ನು ಲೋಹದಲ್ಲೇ ಬರೆದಿಟ್ಟಿದ್ದಾರೆ.

ಪೆನ್‌ಡ್ರೈವ್ ಚುಚ್ಚುವ ಕಿಂಡಿಯ ಹೆಸರು ಯುಎಸ್‌ಬಿ. ಅದರ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಅದಕ್ಕೂ ಮುಂಚೆ ಮೌಸ್‌ಗೊಂದು, ಕೀಲಿಮಣೆಗೊಂದು, ಪ್ರಿಂಟರ್‌ಗೊಂದು ಎಂದು ಕಂಪ್ಯೂಟರಿನ ಬೆನ್ನ ತುಂಬ ಬೇರೆ ಬೇರೆ ಆಕಾರದ ಕಿಂಡಿಗಳಿರುತ್ತಿದ್ದವು. ಹೊಸದೇನಾದರೂ ಜೋಡಿಸಿದರೆ ಕಂಪ್ಯೂಟರನ್ನು ಆರಿಸಿ ಮತ್ತೆ ಚಾಲೂ ಮಾಡಬೇಕಾಗುತ್ತಿತ್ತು. ಇಂಟೆಲ್‌ನ ಅಜಯ್ ಭಟ್ ಮತ್ತು ಸಂಗಡಿಗರು ಈ ರಗಳೆಗೆ ಒಂದೇ ಬಗೆಯ ಕಿಂಡಿಯ ಪರಿಹಾರ ತಂದರು. ಅದು ಎರಡೂ ಕಡೆಯಿಂದ ಹೋಗುವಂತಿರಲಿಲ್ಲ. ಒಮ್ಮೆ ಚುಚ್ಚಿ, ಹೋಗದೆ, ತಿರುಗಿಸಿ, ಆಗಲೂ ಹೋಗದೆ, ಮೊದಲಿನಂತೆಯೇ ಹಿಡಿದು ಚುಚ್ಚಿದಾಗ ಹೋಗುವ ಆ ಅನುಭವ ನಿಮಗೂ ಆಗಿರುತ್ತದೆ. ಹೇಗೆ ತಿರುಗಿಸಿದರೂ ಸರಿಹೋಗುವ, 24 ಸಂಪರ್ಕ ಬಿಂದುಗಳ ಟೈಪ್-ಸಿಗಾಗಿ 2014ರವರೆಗೆ ಕಾಯಬೇಕಾಯಿತು. ವೇಗವಂತೂ ಎಲ್ಲಿಂದೆಲ್ಲಿಗೋ ಹೋಗಿದೆ: ಮೊದಲ ಆವೃತ್ತಿಯಲ್ಲಿ ಸೆಕೆಂಡಿಗೆ ಗರಿಷ್ಠ 12 ಮೆಗಾಬಿಟ್, 2000ದ ಎರಡನೇ ಆವೃತ್ತಿಯಲ್ಲಿ 480, 2008ರ ಮೂರನೆಯದರಲ್ಲಿ 5 ಗಿಗಾಬಿಟ್.

ಚುಚ್ಚಿದ ಮೇಲೆ ಒಳಗೆ ಏನಾಗುತ್ತದೆ? ಪೆನ್‌ಡ್ರೈವ್ ಮಾಹಿತಿಯ ತಂತಿಯೊಂದರ ವೋಲ್ಟೇಜನ್ನು ಮೇಲಕ್ಕೆತ್ತುತ್ತದೆ. ಬಾಗಿಲು ತಟ್ಟಿದ ಹಾಗೆ. ಕಂಪ್ಯೂಟರ್ ಅದನ್ನು ಗಮನಿಸಿ, ಬಂದವರನ್ನು ಒಮ್ಮೆ ರೀಸೆಟ್ ಮಾಡಿ, 1ರಿಂದ 127ರೊಳಗಿನ ಒಂದು ವಿಳಾಸ ಸಂಖ್ಯೆ ಕೊಡುತ್ತದೆ. ಆಮೇಲೆ ವಿಚಾರಣೆ: ನಿನ್ನನ್ನು ತಯಾರಿಸಿದವರು ಯಾರು, ನೀನು ಯಾವ ಮಾದರಿ, ಎಷ್ಟು ವಿದ್ಯುತ್ ಬೇಕು, ನೀನು ಯಾವ ವರ್ಗಕ್ಕೆ ಸೇರಿದವನು? ಪ್ರತಿ ವರ್ಗಕ್ಕೂ ಒಂದು ಸಂಖ್ಯೆಯಿದೆ. ‘8’ ಎಂದರೆ ಸಂಗ್ರಹ ಸಾಧನ, ‘3’ ಎಂದರೆ ಕೀಲಿಮಣೆ ಅಥವಾ ಮೌಸ್‌ನಂಥದ್ದು. ಬಂದ ಉತ್ತರಕ್ಕೆ ತಕ್ಕ ಚಾಲಕ ತಂತ್ರಾಂಶವನ್ನು ಕಂಪ್ಯೂಟರ್ ಹುಡುಕಿಕೊಳ್ಳುತ್ತದೆ. ‘ಟಣ್’ ಎಂಬ ಸದ್ದು ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ಇಷ್ಟೆಲ್ಲ ಮುಗಿದಿರುತ್ತದೆ.

ಈ ವಿಚಾರಣೆಯಲ್ಲಿ ಪ್ರಶ್ನೆಗಳೇನೋ ಇವೆ, ಪುರಾವೆ ಕೇಳುವ ಪದ್ಧತಿ ಇಲ್ಲ. ಬಂದವನು ‘ನಾನು ಕೀಲಿಮಣೆ’ ಎಂದರೆ ಕಂಪ್ಯೂಟರ್ ಹಾಗೇ ನಂಬುತ್ತದೆ, ಆತ ‘ಒತ್ತಿದ’ ಕೀಲಿಗಳನ್ನೆಲ್ಲ ನೀವೇ ಒತ್ತಿದಿರೆಂದು ತಿಳಿಯುತ್ತದೆ. ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಭದ್ರತಾ ಸಂಶೋಧಕರು 2014ರಲ್ಲಿ ಇದನ್ನೇ ತೋರಿಸಿಕೊಟ್ಟರು. ಪೆನ್‌ಡ್ರೈವಿನೊಳಗಿನ ಪುಟ್ಟ ನಿಯಂತ್ರಕ ಚಿಪ್ಪಿನ ತಂತ್ರಾಂಶವನ್ನು ತಿದ್ದಿ, ಅದು ಕೀಲಿಮಣೆಯ ವೇಷ ಹಾಕುವಂತೆ ಮಾಡಿದ್ದರು. ‘ಬ್ಯಾಡ್‌ಯುಎಸ್‌ಬಿ’ ಎಂದು ಹೆಸರಾದ ಈ ಉಪಾಯ ಆ್ಯಂಟಿವೈರಸ್‌ಗೆ ಕಾಣುವುದಿಲ್ಲ. ಅದು ಪರೀಕ್ಷಿಸುವುದು ಪೆನ್‌ಡ್ರೈವಿನಲ್ಲಿರುವ ಕಡತಗಳನ್ನು, ಚಿಪ್ಪಿನ ಹೊಟ್ಟೆಯನ್ನಲ್ಲ. ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ.

ಹಾಗಾಗಿ ಮೊದಲ ಹೆಜ್ಜೆ ತೀರಾ ಸರಳ, ಪಾಲಿಸುವುದು ಮಾತ್ರ ಕಷ್ಟ: ಎಲ್ಲೋ ಬಿದ್ದು ಸಿಕ್ಕ ಪೆನ್‌ಡ್ರೈವನ್ನು ಚುಚ್ಚಬೇಡಿ. ಯಾರದೆಂದು ನೋಡಿ ಹಿಂದಿರುಗಿಸೋಣ ಎಂಬ ಒಳ್ಳೆಯ ಮನಸ್ಸಿನಿಂದಲೂ ಬೇಡ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್‌ಡ್ರೈವ್‌ಗಳನ್ನು ಬೇಕೆಂದೇ ಬೀಳಿಸಿ ನೋಡಿದ್ದರು. ಅವುಗಳಲ್ಲಿ ಕನಿಷ್ಠ ಶೇ 45ರಷ್ಟನ್ನು ಎತ್ತಿಕೊಂಡವರು ಕಂಪ್ಯೂಟರಿಗೆ ಚುಚ್ಚಿ ಒಳಗಿನ ಕಡತ ತೆರೆದಿದ್ದರು ಎಂದು 2016ರಲ್ಲಿ ಪ್ರಕಟವಾದ ಅವರ ವರದಿ ಹೇಳುತ್ತದೆ. ಕುತೂಹಲಕ್ಕೆ ಮದ್ದಿಲ್ಲ.

ನಾವು ನೀವು ದಿನನಿತ್ಯ ಎದುರಿಸುವ ವೈರಸ್‌ಗಳು ಇಷ್ಟು ಜಾಣತನದವಲ್ಲ. ಹಿಂದೆ ಇವಕ್ಕೆ ‘ಆಟೋರನ್’ ಎಂಬ ರಾಜಮಾರ್ಗವಿತ್ತು. ಪೆನ್‌ಡ್ರೈವಿನಲ್ಲಿ ಒಂದು ಪುಟ್ಟ ಸೂಚನಾ ಕಡತ ಇಟ್ಟರೆ ಸಾಕು, ವೈರಸ್‌ಗೆ ವಿಂಡೋಸ್ ತಾನೇ ದಾರಿ ಮಾಡಿಕೊಡುತ್ತಿತ್ತು. 2008ರ ಕೊನೆಗೆ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಹುಳು (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡುವ ದುಷ್ಟ ತಂತ್ರಾಂಶ) ಬಳಸಿದ ದಾರಿಗಳಲ್ಲಿ ಇದೂ ಒಂದು. ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗಳ ಮಟ್ಟಿಗೆ ಈ ಸೌಲಭ್ಯ ತೆಗೆದರು; 2011ರಲ್ಲಿ ಅಪ್‌ಡೇಟ್ ಮೂಲಕ ಹಳೆಯ ಆವೃತ್ತಿಗಳಲ್ಲೂ ಮುಚ್ಚಿದರು. ರಾಜಮಾರ್ಗ ಮುಚ್ಚಿದ ಮೇಲೆ ವೈರಸ್ ಬರೆಯುವವರು ನಮ್ಮ ಬೆರಳನ್ನೇ ನೆಚ್ಚಿಕೊಂಡಿದ್ದಾರೆ. ನಾವು ಕ್ಲಿಕ್ಕಿಸದೆ ಅದು ಓಡುವುದಿಲ್ಲ, ಆದ್ದರಿಂದ ಕ್ಲಿಕ್ಕಿಸುವಂತೆ ಮಾಡಬೇಕು.

ಇನ್ನೊಬ್ಬರ ಕಂಪ್ಯೂಟರಿಗೆ ಹೋಗಿ ಬಂದ ನನ್ನದೇ ಪೆನ್‌ಡ್ರೈವಿನಲ್ಲಿ ಇದನ್ನು ಕಂಡಿದ್ದೇನೆ. ‘ಫೋಟೋಗಳು’ ಎಂಬ ಫೋಲ್ಡರ್ ಇದ್ದಲ್ಲೇ ಇತ್ತು, ಹೆಸರೂ ಅದೇ, ಹಳದಿ ಚಿತ್ರವೂ ಅದೇ. ಆದರೆ ಚಿತ್ರದ ಎಡಗಡೆ ಕೆಳಮೂಲೆಯಲ್ಲಿ ಸಣ್ಣದೊಂದು ಬಾಣದ ಗುರುತು. ಅದು ಫೋಲ್ಡರೇ ಅಲ್ಲ, ಬೇರೊಂದು ಕಡತಕ್ಕೆ ಕರೆದೊಯ್ಯುವ ಕೊಂಡಿ, ಅಂದರೆ ಶಾರ್ಟ್‌ಕಟ್. ನಿಜವಾದ ಫೋಲ್ಡರನ್ನು ವೈರಸ್ ಅಡಗಿಸಿಟ್ಟು, ಅದರ ಜಾಗದಲ್ಲಿ ತನ್ನ ಆಳನ್ನು ಕೂರಿಸಿತ್ತು. ಕ್ಲಿಕ್ಕಿಸಿದರೆ ಮೊದಲು ವೈರಸ್ ಓಡುತ್ತದೆ, ಬೆನ್ನಿಗೇ ನಿಜವಾದ ಫೋಲ್ಡರೂ ತೆರೆದುಕೊಳ್ಳುತ್ತದೆ. ಫೋಟೋಗಳು ಕಂಡವಲ್ಲ, ನಮಗೆ ಅನುಮಾನ ಬರುವುದೆಲ್ಲಿಂದ?

ಇಂಥ ಮೋಸಗಳಿಗೆ ಸುಲಭವಾಗಿ ಬಲಿಯಾಗದಿರಲು ಎರಡು ಸೆಟ್ಟಿಂಗ್ ಬದಲಿಸಿಕೊಳ್ಳಬೇಕು. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆಯ್ಕೆಗೆ ಗುರುತು ಹಾಕಿ. ಎಕ್ಸ್‌ಟೆನ್ಷನ್ ಎಂದರೆ ಕಡತದ ಹೆಸರಿನ ಕೊನೆಯ ಚುಕ್ಕೆಯ ನಂತರ ಬರುವ, ಅದು ಯಾವ ಬಗೆಯದೆಂದು ಹೇಳುವ ಬಾಲ. ವಿಂಡೋಸ್ ಇವನ್ನು ಸಾಮಾನ್ಯವಾಗಿ ಮರೆಮಾಡಿರುತ್ತದೆ. ಯಾಕೆ ಹೀಗೆ ಮಾಡಿದರೋ, ನನಗಂತೂ ಇದು ಸರಿಕಂಡಿಲ್ಲ. ‘ಪತ್ರ.ಪಿಡಿಎಫ್.ಇಎಕ್ಸ್‌ಇ’ ಎಂಬ ಕಡತ ಹೀಗೆ ಮರೆಮಾಡಿದಾಗ ‘ಪತ್ರ.ಪಿಡಿಎಫ್’ ಎಂದಷ್ಟೇ ಕಾಣುತ್ತದೆ, ಕ್ಲಿಕ್ಕಿಸಿದರೆ ಓಡುವ ತಂತ್ರಾಂಶವಿದು ಎಂದು ಸಾರುವ ‘ಇಎಕ್ಸ್‌ಇ’ ಬಾಲದ ವಿಷ ಕಾಣುವುದಿಲ್ಲ. ಎರಡನೆಯದು, ಚುಚ್ಚಿದೊಡನೆ ಏನು ಮಾಡಬೇಕೆಂದು ನಿರ್ಧರಿಸುವ ‘ಆಟೋಪ್ಲೇ’ಯನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆಫ್ ಮಾಡಿಬಿಡಿ. ಒಂದು ನಿಮಿಷದ ಕೆಲಸ.

ಇನ್ನು ಪೆನ್‌ಡ್ರೈವ್ ಚುಚ್ಚಿ. ಕಿಟಕಿ ತಾನಾಗಿ ತೆರೆದುಕೊಂಡರೆ ಮುಚ್ಚಿ. ‘ದಿಸ್ ಪಿಸಿ’ಯಲ್ಲಿ ಪೆನ್‌ಡ್ರೈವಿನ ಹೆಸರಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡುವ ಆಯ್ಕೆಯನ್ನು ಆರಿಸಿ, ಬೇರೆ ಆ್ಯಂಟಿವೈರಸ್ ಇದ್ದರೆ ಅದರ ಹೆಸರು ಅಲ್ಲೇ ಇರುತ್ತದೆ. ಸ್ಕ್ಯಾನ್ ಮುಗಿಯುವ ತನಕ ಒಳಗೆ ಕಾಲಿಡಬೇಡಿ. ಕ್ಲಿಕ್ಕಿಸದೆ ಬರೀ ನೋಡಿದರೆ ಏನಾದೀತು ಎನ್ನಬೇಡಿ: 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹುಳುವಿಗೆ ಕ್ಲಿಕ್ ಕೂಡ ಬೇಕಿರಲಿಲ್ಲ. ಶಾರ್ಟ್‌ಕಟ್‌ನ ಚಿತ್ರವನ್ನು ತೋರಿಸುವ ಕೆಲಸದಲ್ಲೇ ವಿಂಡೋಸ್‌ನಲ್ಲೊಂದು ದೋಷವಿತ್ತು, ಪೆನ್‌ಡ್ರೈವ್ ತೆರೆದು ನೋಡಿದರೆ ಮುಗಿಯಿತು. ಆ ದೋಷವನ್ನು ಅದೇ ವರ್ಷ ಸರಿಪಡಿಸಿದರು, ಆದರೆ ಅಪ್‌ಡೇಟ್ ಹಾಕಿಕೊಂಡವರಿಗೆ ಮಾತ್ರ ಅದರ ಫಲ.

ಫೋಲ್ಡರ್‌ಗಳು ಮಾಯವಾಗಿವೆಯೇ? ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ, ಬಹುತೇಕ ಸಲ ಅವು ಅಲ್ಲೇ ಇರುತ್ತವೆ. ಮೊದಲು ಕಂಪ್ಯೂಟರನ್ನು ಪೂರ್ತಿಯಾಗಿ ಸ್ಕ್ಯಾನ್ ಮಾಡಿಸಿ. ರೋಗ ಅಲ್ಲಿದ್ದರೆ ಪೆನ್‌ಡ್ರೈವನ್ನು ಎಷ್ಟು ಸಲ ತೊಳೆದರೂ ಅಷ್ಟೇ. ನಂತರ ‘ಫೋಲ್ಡರ್ ಆಪ್ಷನ್ಸ್’ನ ‘ವ್ಯೂ’ ವಿಭಾಗದಲ್ಲಿ ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಗೆ ಗುರುತು ಹಾಕಿ, ಅಲ್ಲೇ ಕೆಳಗಿರುವ ‘ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್’ ಮರೆಮಾಡುವ ಗುರುತನ್ನು ತೆಗೆಯಿರಿ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು, ಮರೆತರೆ ಏನೂ ಕಾಣುವುದಿಲ್ಲ. ಈಗ ನಿಜವಾದ ಫೋಲ್ಡರ್‌ಗಳು ಮಸುಕಾಗಿ ಕಾಣಿಸುತ್ತವೆ. ಅವುಗಳಿಂದ ಫೋಟೋ, ಪತ್ರ, ಹಾಡುಗಳಂಥ ನಿಮ್ಮದೆಂದು ಗುರುತು ಸಿಗುವ ಕಡತಗಳನ್ನು ಮಾತ್ರ ಕಂಪ್ಯೂಟರಿಗೆ ನಕಲಿಸಿಕೊಳ್ಳಿ. ಇಎಕ್ಸ್‌ಇ, ವಿಬಿಎಸ್ ಬಾಲದವುಗಳನ್ನೂ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳನ್ನೂ ಮುಟ್ಟಬೇಡಿ. ಆಮೇಲೆ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಬದಲಿಸಿದ ಆ ಎರಡು ಆಯ್ಕೆಗಳನ್ನು ಮೊದಲಿನಂತೆ ಮಾಡಿ. ಫಾರ್ಮ್ಯಾಟ್ ಮಾಡುವಾಗ ಕಡತಗಳನ್ನು ಜೋಡಿಸಿಡುವ ವಿಧಾನ ಯಾವುದೆಂದು ಕೇಳುತ್ತದೆ. ಫ್ಯಾಟ್32 ಆರಿಸಿದರೆ 4 ಗಿಗಾಬೈಟ್‌ಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಆದರೆ ಆ ತೊಡಕಿಲ್ಲ.

ಹತ್ತು ಜನ ಬಳಸುವ ಕಂಪ್ಯೂಟರಿಗೆ ಚುಚ್ಚಲೇಬೇಕಾದ ಸಂದರ್ಭಗಳಿಗೆ ಬೇರೆಯೇ ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳಿ. ಆ ಹೊತ್ತಿಗೆ ಬೇಕಾದ ಒಂದೋ ಎರಡೋ ಕಡತ ಮಾತ್ರ ಅದರಲ್ಲಿರಲಿ, ಬಂದ ಮೇಲೆ ಅಳಿಸಿಬಿಡಿ. ಕೆಲವು ಪೆನ್‌ಡ್ರೈವ್‌ಗಳ ಪಕ್ಕದಲ್ಲಿ ಬರವಣಿಗೆ ತಡೆಯುವ ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಜಾರಿಸಿಟ್ಟರೆ ಆ ಕಂಪ್ಯೂಟರ್ ಓದಬಹುದು, ಬರೆಯಲಾರದು. ವೈರಸ್‌ಗೂ ಹತ್ತಲು ಜಾಗವಿಲ್ಲ. ಕಾಣೆಯಾದರೆ ಕಷ್ಟ ಎನ್ನುವಂಥ ದಾಖಲೆಗಳಿದ್ದರೆ ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್ ಎಂಬ ಗೂಢಲಿಪಿ ತಂತ್ರಾಂಶದಿಂದ ಬೀಗ ಹಾಕಿ. ಅವುಗಳ ಇನ್ನೊಂದು ಪ್ರತಿ ಬೇರೆಲ್ಲಾದರೂ ಇರಲಿ. ಪೆನ್‌ಡ್ರೈವ್ ಸಾಗಿಸುವ ಚೀಲ, ಅದನ್ನು ಕಪಾಟು ಮಾಡಿಕೊಳ್ಳಬಾರದು.

ಕೊನೆಗೆ ಕೀಳುವುದು. ನಕಲು ಮುಗಿಯಿತೆಂದು ಪರದೆ ಹೇಳಿದರೂ ಕೆಲವೊಮ್ಮೆ ಕೊನೆಯ ತುಣುಕುಗಳು ಇನ್ನೂ ಕಂಪ್ಯೂಟರಿನ ನೆನಪಿನಲ್ಲೇ ಇರುತ್ತವೆ, ಪೆನ್‌ಡ್ರೈವಿಗೆ ಇಳಿದಿರುವುದಿಲ್ಲ. ಆಗ ಎಳೆದುಬಿಟ್ಟರೆ ಕಡತವಷ್ಟೇ ಅಲ್ಲ, ಯಾವ ಕಡತ ಎಲ್ಲಿದೆ ಎಂಬ ಸೂಚಿಯೇ ಕೆಡಬಹುದು. ‘ಇಜೆಕ್ಟ್’ ಒತ್ತಿ, ತೆಗೆಯಬಹುದೆಂಬ ಸೂಚನೆ ಬರುವವರೆಗೆ ಕಾಯಿರಿ. ದೀಪವಿರುವ ಪೆನ್‌ಡ್ರೈವ್ ಆದರೆ ಅದರ ಮಿನುಗು ನಿಂತಿದೆಯೇ ನೋಡಿ, ನೇರವಾಗಿ ಹಿಡಿದು ಎಳೆಯಿರಿ.