ಗಿಡ ಬಾಡಿದೆ, ಮಣ್ಣು ಹಸಿ ಇದೆ: ಬೇರು ಕೊಳೆತದ್ದನ್ನು ನಾನು ಗುರುತಿಸುವ ಬಗೆ

ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡವೂ ಒಂದೇ ರೀತಿ ಜೋತು ಬೀಳುತ್ತವೆ. ಕೊಳೆತ ಬೇರಿಗೆ ನೀರು ಎಳೆಯುವ ಶಕ್ತಿ ಇರುವುದಿಲ್ಲ, ಆದ್ದರಿಂದ ಸುತ್ತ ನೀರಿದ್ದರೂ ಎಲೆಗೆ ಮುಟ್ಟುವುದಿಲ್ಲ. ನಮ್ಮ ವಿಜಯಪುರದ ಏಪ್ರಿಲ್-ಮೇ ಬಿಸಿಲಿಗಂತೂ ಆರೋಗ್ಯವಾಗಿರುವ ದಾಸವಾಳವೂ ಮಧ್ಯಾಹ್ನ ಬಾಡುತ್ತದೆ. ಹಾಗಾಗಿ ಮಧ್ಯಾಹ್ನ ಗಿಡ ನೋಡಿ ನಾನು ಏನನ್ನೂ ತೀರ್ಮಾನಿಸುವುದಿಲ್ಲ. ಬೆಳಗ್ಗೆ ಬಿಸಿಲೇರುವ ಮೊದಲು ನೋಡಬೇಕು. ಎಲೆ ಚೇತರಿಸಿಕೊಂಡಿದ್ದರೆ ಅದು ಬರೀ ಬಿಸಿಲಿನ ಬಾಡು. ಆಗಲೂ ಜೋತಿದ್ದು, ಎರಡು ಇಂಚು ಬೆರಳು ಇಳಿಸಿದಾಗ ಮಣ್ಣು ಹಸಿ ಇದ್ದರೆ ಬೇರನ್ನೇ ನೋಡಬೇಕು.

ಎರೆಮಣ್ಣು ತುಂಬಿದ ಕುಂಡದಲ್ಲಿ ಬೆರಳು ಸಾಲದು. ಈ ಮಣ್ಣು ಒಣಗಿದಾಗ ಕುಗ್ಗಿ ಕುಂಡದ ಗೋಡೆ ಬಿಡುತ್ತದೆ; ಹಾಕಿದ ನೀರು ಆ ಸಂದಿನಲ್ಲೇ ಇಳಿದು ಕೆಳಗಿನ ತೂತಿನಿಂದ ಹೊರಬರುತ್ತದೆ, ನಡುವಿನ ಮಣ್ಣಿನ ಗಡ್ಡೆ ಒಣಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಇದರ ತಿರುವು ಮುರುವು: ಮೇಲೆ ಒಣ ಪದರ, ಒಳಗೆ ಕೆಸರು. ಒಂದು ಬಿದಿರು ಕಡ್ಡಿಯನ್ನು ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಿಲ್ಲ ಎಂದೇ ಅರ್ಥ.

ಇನ್ನು ಗಿಡವನ್ನು ಕುಂಡದಿಂದ ಜಾರಿಸಿ ತೆಗೆಯಿರಿ. ಕೊಳೆತ ಬೇರು ಕಪ್ಪು ಎನ್ನುತ್ತಾರೆ, ಆದರೆ ಬಣ್ಣವನ್ನು ಪೂರ್ತಿ ನಂಬಬೇಡಿ. ಬಲಿತ ಕರಿಬೇವಿನ ಬೇರು ಸಹಜವಾಗಿಯೇ ಕಂದು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಸಿಪ್ಪೆ ಕಾಲುಚೀಲದಂತೆ ಕಳಚಿ ಒಳಗಿನ ದಾರ ಮಾತ್ರ ಉಳಿದರೆ ಅದು ಕೊಳೆತದ್ದೇ. ಚೆನ್ನಾಗಿರುವ ಬೇರು ಗಟ್ಟಿಯಾಗಿರುತ್ತದೆ, ತುದಿ ಬೆಳ್ಳಗಿರುತ್ತದೆ. ಬೇರಿನ ಮೇಲೆ ಗಂಟು ಗಂಟಾಗಿದ್ದರೆ ಮಣ್ಣಿನ ಜಂತುಹುಳುವಿನ (ನೆಮಟೋಡ್) ಕೆಲಸ. ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಸಾಸಿವೆ ಕಾಳಿನಷ್ಟು ಕಂದು ಉಂಡೆಗಳು ಕಂಡರೆ ಅದು ಸ್ಕ್ಲೆರೋಷಿಯಂ ಶಿಲೀಂಧ್ರ. ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ.

ಅರ್ಧಕ್ಕಿಂತ ಹೆಚ್ಚು ಬೇರು ಗಟ್ಟಿ ಇದ್ದರೆ ಉಳಿಸಲು ಕೈ ಹಾಕುತ್ತೇನೆ, ಇಲ್ಲದಿದ್ದರೆ ಒಳ್ಳೆಯ ಟೊಂಗೆಯಿಂದ ಕಡ್ಡಿ ನೆಡುವುದೇ ವಾಸಿ. ಮೆತ್ತಗಾದ ಬೇರನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ, ಮೇಲಿನ ಎಲೆಯನ್ನೂ ಮೂರನೇ ಒಂದು ಭಾಗ ಕಡಿಮೆ ಮಾಡಿ. ಹೊಸ ಮಿಶ್ರಣಕ್ಕೆ ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ದಪ್ಪ ಉಸುಕು, ಒಂದು ಪಾಲು ಹಳೆಯ ಗೊಬ್ಬರ. ತಳಕ್ಕೆ ಜಲ್ಲಿ ತುಂಬುವ ರೂಢಿಯನ್ನು ಬಿಟ್ಟಿದ್ದೇನೆ: ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ, ಬೇರಿಗೆ ಜಾಗ ಕಡಿಮೆಯಾಗುವುದಷ್ಟೇ ಲಾಭ! ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಔಷಧಿ ವಿಷಯದಲ್ಲಿ ಒಂದು ಎಚ್ಚರ. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ. ನೀರು ನಿಂತಲ್ಲಿ ಬರುವ, ಬೇರು ಕೊಳೆಸುವ ಪಿಥಿಯಂ, ಫೈಟಾಫ್ತೊರಾ ಎಂಬ ರೋಗಾಣುಗಳಿಗೆ ಅದು ನಾಟುವುದೇ ಇಲ್ಲ. ಅವಕ್ಕೆ ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಮಿಶ್ರಣ, ಲೀಟರಿಗೆ 2 ಗ್ರಾಂ, ಬುಡಕ್ಕೆ ಸುರಿಯಬೇಕು. ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಕೊಡುವುದಿದ್ದರೆ ಇದರ ಜೊತೆ ಬೇಡ, ಹದಿನೈದು ದಿನದ ನಂತರ ಗೊಬ್ಬರದಲ್ಲಿ ಬೆರೆಸಿ ಕೊಡಿ. ಚೇತರಿಸಿಕೊಳ್ಳುವ ಗಿಡಕ್ಕೆ ಯೂರಿಯಾ ಮುಟ್ಟಿಸಬೇಡಿ.

ಹಿತ್ತಲಿನ ನಿಂಬೆ, ದಾಳಿಂಬೆಯನ್ನು ಕಿತ್ತು ನೋಡಲಾಗದು. ಬುಡದಿಂದ ಒಂದೂವರೆ ಅಡಿ ದೂರ ಅರ್ಧ ಅಡಿ ಅಗೆದರೆ ತೆಳು ಬೇರುಗಳು ಸಿಗುತ್ತವೆ, ಎಳೆದು ನೋಡುವ ಪರೀಕ್ಷೆ ಅಲ್ಲೇ ಮಾಡಬಹುದು. ನಿಂಬೆಯ ಬುಡದಲ್ಲಿ ಅಂಟು ಸುರಿದು ತೊಗಟೆ ಕಂದಾಗಿದ್ದರೆ ಕೊಳೆ ಕಾಂಡಕ್ಕೆ ಏರಿದೆ. ಕಸಿ ಗಂಟನ್ನು ಮಣ್ಣಿನಿಂದ ಬಿಡಿಸಿ, ಡ್ರಿಪ್ ನಳಿಕೆಯನ್ನು ಕಾಂಡದಿಂದ ದೂರ ಸರಿಸಿ. ದಾಳಿಂಬೆಯಲ್ಲಿ ಒಂದೊಂದೇ ಟೊಂಗೆ ಹಳದಿಯಾಗಿ ಒಣಗುತ್ತಿದ್ದು, ಅಡ್ಡ ಕೊಯ್ದಾಗ ಕಟ್ಟಿಗೆಯಲ್ಲಿ ನಕ್ಷತ್ರದ ಆಕಾರದ ಕಂದು ಗೆರೆಗಳಿದ್ದರೆ ಅದು ಸೊರಗು ರೋಗ. ನೀರು ಕಡಿಮೆ ಮಾಡಿದರೆ ಅದು ನಿಲ್ಲುವುದಿಲ್ಲ. ಆ ಗಿಡವನ್ನು ಬೇರು ಸಮೇತ ತೆಗೆದು ಸುಡಬೇಕು, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಪಕ್ಕದ ಗಿಡಕ್ಕೆ ಹಚ್ಚಬಾರದು.